ಅಡಿವೆಪ್ಪಣ್ಣನ ಶ್ರುತಿ

ಗಿರಣಿ ನಡೆಸುವವಳಿಗೆ ಮೆಲ್ಲಗೆ ಮಾತಾಡಿ ಗೊತ್ತಿರುವುದಿಲ್ಲ. ಆದ್ದರಿಂದ ಒಂದೇ ಸಲಕ್ಕೆ, ಗಟ್ಟಿಯಾಗಿ ಹೇಳಿಬಿಡುತ್ತೇನೆ: ನಮ್ಮೂರಿನಲ್ಲಿ ಮನುಷ್ಯರ ಮೈಯಲ್ಲಿನ ಗಂಟುಗಳು ಗುನುಗುತ್ತವೆ. ಬೆನ್ನ ಮೇಲಿನ ಕೊಬ್ಬಿನ ಗಂಟಾಗಲಿ, ಮಣಿಕಟ್ಟಿನ ನೀರುಗಂಟಾಗಲಿ, ಹೆಂಗಸರ ಗರ್ಭಕೋಶದ ಗಡ್ಡೆಯಾಗಲಿ, ಒಂದೊಂದಕ್ಕೆ ಒಂದೊಂದು ದನಿ. ಊರ ಅಂಚಿನ ಹಳ್ಳದ ಸೇತುವೆ ದಾಟಿದರೆ ಎಲ್ಲವೂ ಬಾಯಿ ಮುಚ್ಚುತ್ತವೆ. ಮರಳಿ ಬರುವಾಗ ಬಸ್ಸು ಸೇತುವೆ ಹತ್ತಿದ್ದೇ ತಡ, ಸೀಟುಸೀಟಿನಿಂದ ಗುಂಯ್ ಎಂದು ಶುರುವಾಗುತ್ತದೆ. ಊರು ಬಂತೆಂದು ಕಂಡಕ್ಟರ್ ಕೂಗುವ ಅಗತ್ಯವೇ ಇಲ್ಲ.

ಬೇರೆ ಊರಿನಿಂದ ಬಂದ ಸೊಸೆಯರು ಮೊದಮೊದಲು ಗೋಡೆಯಲ್ಲಿ ಜೇನು ಕಟ್ಟಿದೆ ಎಂದು ಹುಡುಕಾಡುತ್ತಾರೆ. ಆಮೇಲೆ ಅತ್ತೆಯ ಹೊಟ್ಟೆಯ ಗಡ್ಡೆ ಯಾವ ಕೋಣೆಯಲ್ಲಿದೆ ಎಂದು ಕಿವಿಯಿಂದಲೇ ತಿಳಿದುಕೊಂಡು, ಅತ್ತೆ ಅಡುಗೆಮನೆಯಿಂದ ದೂರವಿದ್ದಾಗ ಎರಡು ಚಮಚ ಸಕ್ಕರೆ ಹೆಚ್ಚಿಗೆ ಹಾಕಿ ಚಹಾ ಕುಡಿಯುವಷ್ಟು ಜಾಣರಾಗುತ್ತಾರೆ. ಇಷ್ಟರ ಮಟ್ಟಿಗೆ ನಾವು ಹೊಂದಿಕೊಂಡಿದ್ದೇವೆ.

ನನ್ನ ಅಣ್ಣ ಅಡಿವೆಪ್ಪನ ಗಂಟು ಮಾತ್ರ ಊರಿಗೇ ದೊಡ್ಡದು, ಗಾತ್ರದಲ್ಲಲ್ಲ, ಮರ್ಯಾದೆಯಲ್ಲಿ. ಎಡಗಿವಿಯ ಕೆಳಗೆ, ದವಡೆಯ ಮೂಲೆಯಲ್ಲಿ ಸಣ್ಣ ಲಿಂಬೆಕಾಯಿಯಷ್ಟು. ಅವನಿಗೆ ಮೀಸೆ ದಪ್ಪವಾದ ಕಾಲದಿಂದಲೂ ಅದು ಅಲ್ಲೇ ಕುಳಿತಿತ್ತು. ಅದರ ದನಿ ಒಂದಿಷ್ಟೂ ಏರದೆ ಇಳಿಯದೆ ಒಂದೇ ಸಮನೆ ಹರಿಯುವಂಥದ್ದು. ನಮ್ಮ ಭಜನಾ ಮಂಡಳಿಯ ಫಕೀರಪ್ಪ ಮಾಸ್ತರರು ಪ್ರತಿ ಸೋಮವಾರ ತಮ್ಮ ಏಕತಾರಿಯ ಬಿರಡೆ ತಿರುವುವ ಮೊದಲು ಅಣ್ಣನ ದವಡೆಗೆ ಕಿವಿ ಹಚ್ಚುತ್ತಿದ್ದರು. "ಬಂತು, ಬಂತು, ಇದ ಶ್ರುತಿ" ಎಂದು ತಂತಿ ಬಿಗಿಯುತ್ತಿದ್ದರು. ಅಣ್ಣನಿಗಾಗಿ ಮಠದ ಪಡಸಾಲೆಯಲ್ಲಿ, ಎದುರಿನ ಸಾಲಿನಲ್ಲಿ, ಒಂದು ಕೆಂಪು ಕಂಬಳಿ ಹಾಸಿರುತ್ತಿತ್ತು.

ಅಣ್ಣನ ಬಾಳಿನಲ್ಲಿ ಅವನಿಗೆ ಯಾರಾದರೂ ಹಾಸಿಕೊಟ್ಟದ್ದು ಅದೊಂದೇ ಕಂಬಳಿ. ಸೈಕಲ್ ಅಂಗಡಿ ಇಟ್ಟಿದ್ದ, ಆದರೆ ಅವನು ಹಚ್ಚಿದ ಪಂಕ್ಚರ್ ಮುಂದಿನ ಓಣಿಯವರೆಗೂ ತಡೆಯುತ್ತಿರಲಿಲ್ಲ. ಮನೆಯಲ್ಲಿ ಹೆಂಡತಿಯ, ಅಂದರೆ ನಮ್ಮ ಸುಗಲಾ ವೈನಿಯ ಎದುರು ಅವನ ಬಾಯಿ ತೆರೆಯುತ್ತಿದ್ದುದು ಊಟಕ್ಕೆ ಮಾತ್ರ. ಭಜನೆಯಲ್ಲೂ ಅವನು ಹಾಡಿದವನಲ್ಲ, ತಾಳ ಹಾಕಿದವನಲ್ಲ. ಸುಮ್ಮನೆ ಕುಳಿತಿರುತ್ತಿದ್ದ, ಗಂಟು ತನ್ನ ಕೆಲಸ ಮಾಡುತ್ತಿತ್ತು. ಆದರೂ ಸೋಮವಾರ ಬಂತೆಂದರೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಶ್ರುತಿ ಅಡಿವೆಪ್ಪನವರಾಗಿ ಹೊರಡುತ್ತಿದ್ದ. ಆ ನಡಿಗೆಯನ್ನು ನೋಡಿ ನನಗೆ ನಗುವೂ ಬರುತ್ತಿತ್ತು, ಹೊಟ್ಟೆಯೊಳಗೆ ತಂಪೂ ಆಗುತ್ತಿತ್ತು.

ನಮ್ಮೂರಿನ ಇನ್ನೊಂದು ಪದ್ಧತಿಯನ್ನೂ ಹೇಳಬೇಕು. ಯಾರದ್ದಾದರೂ ಗಂಟು ಗುನುಗುವುದನ್ನು ನಿಲ್ಲಿಸಿದರೆ ಆ ಮನೆಯವರು ಗೋಧಿ, ಬೆಲ್ಲದ ಮಾದಲಿಯ ಸಿಹಿ ಮಾಡಿ ಓಣಿಗೆಲ್ಲ ಹಂಚುತ್ತಾರೆ. ಸುಮ್ಮನಾಯಿತು ಎಂದರೆ ಕರಗಿತು ಎಂದೇ ಲೆಕ್ಕ. ಬಾವು, ಕುರು, ಮೊಡವೆಗಳು ಹಾಗೇ ಸುಮ್ಮನಾಗಿ ಇಳಿದುಹೋಗುವುದನ್ನು ಎಲ್ಲರೂ ಕಂಡಿದ್ದರಲ್ಲ! ಉಳಿದವೂ ಹಾಗೆಯೇ ಎಂದು ನಂಬಿದ್ದರು.

ಹೋದ ವರ್ಷ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಗಿರಣಿಯಲ್ಲಿ ಜೋಳ ಬೀಸಿಸಲು ಹೆಂಗಸರು ಸಾಲುಗಟ್ಟಿದ್ದರು. ಅಣ್ಣ ಎಂದಿನಂತೆ ಬಾಗಿಲ ಬಳಿಯ ಕಟ್ಟೆಯ ಮೇಲೆ ಕುಳಿತು ಕಾಲು ಅಲ್ಲಾಡಿಸುತ್ತಿದ್ದ. ಗಿರಣಿ ನಡೆಯುವಾಗ ಗಂಟೇನು, ಗುಡುಗೂ ಕೇಳಿಸುವುದಿಲ್ಲ. ಇದ್ದಕ್ಕಿದ್ದಂತೆ ಕರೆಂಟು ಹೋಯಿತು. ಪಟ್ಟಾ ನಿಂತಿತು, ಕಲ್ಲು ನಿಂತಿತು. ಸಾಲಿನಿಂದ ಒಂದೊಂದೇ ದನಿ ಎದ್ದಿತು: ಮೊದಲು ಚಿನ್ನವ್ವನ ಬೆನ್ನು, ಆಮೇಲೆ ಮೂಲಿಮನಿ ಅಜ್ಜಿಯ ಮೊಣಕೈ. ಆದರೆ ಕಟ್ಟೆಯ ಕಡೆಯಿಂದ ಏನೂ ಇಲ್ಲ. ನಾನು ತಲೆ ಎತ್ತಿ ನೋಡಿದೆ. ಅಣ್ಣ ಗಾಬರಿಯಾಗಿ ನೆಟ್ಟಗೆ ಕುಳಿತ, ಕತ್ತು ಹಿಗ್ಗಿಸಿದ, ಆಮೇಲೆ ಅವನ ಗುನುಗು ಶುರುವಾಯಿತು.

ಗಂಟು ಎಲ್ಲಾದರೂ ಕತ್ತು ಹಿಗ್ಗಿಸಿಕೊಂಡು ಗುನುಗುತ್ತದೆಯೇ? ಕೈಯ ಹಿಟ್ಟು ಝಾಡಿಸಿ, ಒಂದು ಚೊಂಬು ಮಜ್ಜಿಗೆ ತಂದು ಅವನ ಮುಂದೆ ಹಿಡಿದೆ.

"ಕುಡಿ ಯಣ್ಣಾ, ಬಿಸಲು ಭಾಳ ಐತಿ."

"ಈಗ ಬ್ಯಾಡ."

"ಕುಡಿ ಅಂದ್ರ ಕುಡಿ. ಎತ್ತಿ ಕುಡಿ, ಗಟಗಟಾ."

ನನ್ನ ದನಿ ಅವನಿಗೆ ಗೊತ್ತು. ಎತ್ತಿದ. ಗಂಟಲಲ್ಲಿ ಮಜ್ಜಿಗೆ ಇಳಿಯುವಷ್ಟು ಹೊತ್ತು ಕಟ್ಟೆಯ ಮೇಲೆ ಮಸಣದ ಮೌನ. ಚೊಂಬು ಕೆಳಗಿಟ್ಟ ಮೇಲೆ ಮತ್ತೆ ಗುಂಯ್. ಸಾಲಿನ ಹೆಂಗಸರಿಗೆ ಏನೂ ಹೊಳೆಯಲಿಲ್ಲ, ಅವರು ತಂತಮ್ಮ ಮಾತಿನಲ್ಲಿದ್ದರು. ನಾನು ಅಣ್ಣನ ರಟ್ಟೆ ಹಿಡಿದು ಒಳಗಿನ ಚೀಲದ ಕೋಣೆಗೆ ಎಳೆದುಕೊಂಡು ಹೋದೆ.

"ಯಾವಾಗಿಂದ?"

"ಏನು ಯಾವಾಗಿಂದ?"

"ನನ್ನ ಮುಂದ ನಾಟಕ ಮಾಡಬ್ಯಾಡ. ಗಂಟು ಸುಮ್ಮನಾಗೇತಿ. ಗುನುಗಾವ ನೀನು."

ಅವನ ಮುಖ ಸಣ್ಣದಾಯಿತು. "ಸುಗ್ಗಿ ಮುಂದ ಸುಮ್ಮನಾತು ಕಸ್ತೂರೀ," ಎಂದ. "ಕರಗಾಕ ಹತ್ತೇತಿ, ಛಲೋನ ಆತು. ಆದರ ಯಾರಿಗೂ ಹೇಳಬ್ಯಾಡವಾ. ಗಂಟ ಇಲ್ಲಂದ ಮ್ಯಾಲ ನನಗ್ಯಾರು ಕಂಬಳಿ ಹಾಸ್ತಾರ?"

ನೋಡಿ, ರೋಗ ಮುಚ್ಚಿಡುವವರನ್ನು ಎಲ್ಲರೂ ಕಂಡಿರುತ್ತೀರಿ. ನನ್ನ ಅಣ್ಣ ಗುಣವಾದದ್ದನ್ನು ಮುಚ್ಚಿಟ್ಟಿದ್ದ! ಬೆಳಿಗ್ಗೆ ಎದ್ದು ಹಳ್ಳದ ದಂಡೆಗೆ ಹೋಗಿ, ಹಳೆಯ ದನಿಯನ್ನು ನೆನಪಿಸಿಕೊಂಡು, ತಿಂಗಳುಗಟ್ಟಲೆ ಗುನುಗು ಕಲಿತಿದ್ದ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ, ಯಾರಿಗೂ ತಿಳಿಯುವುದಿಲ್ಲ ಎಂದುಕೊಂಡಿದ್ದ. ನನಗೆ ನಗು ಬರಬೇಕಿತ್ತು. ಬರಲಿಲ್ಲ. ಕೈ ಹಾಕಿ ಗಂಟನ್ನು ಮುಟ್ಟಿದೆ. ಮೊದಲು ಅದು ಬೆರಳಿಗೆ ಜಾರುತ್ತಿತ್ತು. ಈಗ ಕಲ್ಲಿನ ಹಾಗೆ ಗಟ್ಟಿಯಾಗಿ ಬೇರೂರಿತ್ತು. ಕರಗುವ ಮಾತಿರಲಿ, ಹಿಂದಿಗಿಂತ ದೊಡ್ಡದಾಗಿತ್ತು.

ನನಗೆ ನಮ್ಮವ್ವ ನೆನಪಾದಳು. ಅವ್ವನ ಎದೆಯಲ್ಲಿ ಒಂದು ಗಂಟು ಇತ್ತು. ನಮ್ಮನ್ನು ತೊಡೆಯ ಮೇಲೆ ಮಲಗಿಸಿಕೊಂಡಾಗ ಅದರ ದನಿ ಕೇಳುತ್ತಲೇ ನಾವಿಬ್ಬರೂ ನಿದ್ದೆ ಹೋಗುತ್ತಿದ್ದೆವು. ಒಂದು ದಿನ ಅದು ಸುಮ್ಮನಾಯಿತು. ಅವ್ವ ತಾನೇ ಗೋಧಿ ಬೀಸಿ, ಬೆಲ್ಲ ಜಜ್ಜಿ, ಗಸಗಸೆ ಹಾಕಿ ಮಾದಲಿ ಮಾಡಿದಳು. ನಾನು ಹೊಸ ಲಂಗ ತೊಟ್ಟು ಮನೆಮನೆಗೆ ಬೀರಿ ಬಂದೆ. ಮುಂದಿನ ಸುಗ್ಗಿಗೆ ಅವ್ವ ಹಾಸಿಗೆ ಹಿಡಿದಳು, ಅದರ ಮುಂದಿನದನ್ನು ನೋಡಲಿಲ್ಲ. ದೃಷ್ಟಿ ಅಂದರು, ಕೊರಗು ಅಂದರು. ಮಾದಲಿಗೂ ಅವಳ ಸಾವಿಗೂ ನಡುವೆ ಅಷ್ಟು ದಿನ ಕಳೆದಿದ್ದರಿಂದ ಯಾರೂ ಎರಡನ್ನೂ ಕೂಡಿಸಿ ನೋಡಲಿಲ್ಲ. ನಾನೂ ನೋಡಿರಲಿಲ್ಲ, ಅಣ್ಣನ ಗಂಟಿನ ಮೇಲೆ ಬೆರಳಿಟ್ಟ ಆ ಕ್ಷಣದವರೆಗೆ.

"ನಾಳೆ ದವಾಖಾನಿಗೆ ಹೋಗೂಣು," ಎಂದೆ.

"ಛೇ, ಕರಗೂ ಗಂಟಿಗೆ ಯಾಕ ದವಾಖಾನಿ?"

"ಬರ್ತೀಯೋ, ಇಲ್ಲಾ ಫಕೀರಪ್ಪ ಮಾಸ್ತರಿಗೆ ಹೇಳ್ಲೋ?"

ಅಷ್ಟು ಸಾಕಾಯಿತು. ಸಾವಿಗೆ ಹೆದರದವನು ಕಂಬಳಿ ಹೋದೀತೆಂದು ಹೆದರಿ ಬಸ್ಸು ಹತ್ತಿದ. ವೈನಿಗೆ ವಿಷಯ ಹೇಳಿದಾಗ ಅವಳು ಬಯ್ಯಲಿಲ್ಲ. ಸುಮ್ಮನೆ ಬುತ್ತಿ ಕಟ್ಟಿದಳು. ಅವಳು ಬಯ್ಯದಿದ್ದದ್ದು ನನಗೆ ಇನ್ನಷ್ಟು ಭಯ ತಂದಿತು.

ತಾಲ್ಲೂಕಿನ ದವಾಖಾನೆಯ ಡಾಕ್ಟರಬಾಯಿ ನಫೀಸಾ ಅವರು ಸಣ್ಣ ವಯಸ್ಸಿನವರು, ಆದರೆ ಆಸರಿಕೆ ಬೇಸರಿಕೆ ಇಲ್ಲ. ಗಂಟು ಮುಟ್ಟಿ ನೋಡಿದರು, ಬಾಯಿ ತೆರೆಸಿ ನೋಡಿದರು, ಕಣ್ಣು ಮುಚ್ಚು ಅಂದರು, ಹಲ್ಲು ಕಿರಿ ಅಂದರು. ಗುನುಗಿನ ವಿಷಯ ಹೇಳಿದಾಗ ನಗಲಿಲ್ಲ. "ನನಗ ಅದು ಗೊತ್ತಿಲ್ಲರಿ. ಆದರ ಇಷ್ಟು ವರ್ಷ ಹೆಂಗಿತ್ತೋ ಹಂಗ ಇದ್ದದ್ದು ಈಗ ಬದಲಾಗೇತಿ ಅಂತೀರಲ್ಲ, ಅದು ನನಗ ಮುಖ್ಯ," ಎಂದರು. ಸೂಜಿ ಚುಚ್ಚಿ ಒಂದಿಷ್ಟು ತೆಗೆದುಕೊಂಡು ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬರುವವರೆಗಿನ ದಿನಗಳಲ್ಲಿ ನಾನು ಎಷ್ಟು ಜನರ ಜೋಳವನ್ನು ಗೋಧಿಯ ಕಲ್ಲಿಗೆ ಸುರಿದೆನೋ ದೇವರೇ ಬಲ್ಲ.

ಎರಡನೆಯ ಸಲ ವೈನಿಯೂ ಬಂದಳು. ಡಾಕ್ಟರಬಾಯಿ ಬಾಗಿಲು ಮುಂದೆ ಮಾಡಿ, ಕುರ್ಚಿ ಹತ್ತಿರ ಎಳೆದುಕೊಂಡು ಕುಳಿತರು. "ಉಗುಳಿನ ಗ್ರಂಥಿಯೊಳಗಿನ ಗಂಟು ಇದು. ಭಾಳ ವರ್ಷ ಸಾಧು ಇತ್ತು. ಈಗ ಅದರ ಒಂದು ಭಾಗ ಕೆಟ್ಟೇತಿ. ಕ್ಯಾನ್ಸರ್. ಆದರ ಹೊರಗ ಹಬ್ಬಿದ್ದು ಕಾಣವಲ್ಲದು. ತಡಾ ಮಾಡದ ತೆಗಸ್ರಿ, ಗುಣ ಆಗೂ ಆಸೆ ಛಲೋ ಐತಿ."

ವೈನಿಗೆ ಅಲ್ಲಿಯವರೆಗೆ ತಡೆದಿದ್ದ ಮಾತೆಲ್ಲ ಒಮ್ಮೆಲೇ ಬಂತು. "ಯಾಕ ಬಂತ್ರೀ ಇದು? ಈಕಿ ಗಿರಣಿ ಧೂಳ ಕುಡದು ಬಂತೇನು? ಸಣ್ಣವರಿದ್ದಾಗ ಇವರು ಸೈಕಲ್ ಮ್ಯಾಲಿಂದ ಬಿದ್ದಿದ್ದರು. ಇಲ್ಲಾ ನಾನು ಸಿಟ್ಟಿನಾಗ ಏನರ ಅಂದಿದ್ದು ತಟ್ಟಿತೇನು?" ಎನ್ನುತ್ತ ಅತ್ತೇಬಿಟ್ಟಳು.

"ಯಾರ ಶಾಪಾನೂ ಅಲ್ಲವಾ, ಬಿದ್ದ ಪೆಟ್ಟೂ ಅಲ್ಲ. ಮುಟ್ಟಿದರ ಬರೂದೂ ಅಲ್ಲ," ಎಂದರು ಡಾಕ್ಟರಬಾಯಿ. "ನಮ್ಮ ಮೈಯಾಗ ಕಣ ಹುಟ್ತಾವ, ಮುಪ್ಪಾಗ್ತಾವ, ಸಾಯ್ತಾವ. ಯಾವುದರ ಒಂದು ಸಾಯೂದ ಮರತು ಬೆಳ್ಕೋಂತ ಕುಂತರ ಅದು ಗಂಟು. ತನ್ನ ಮನಿಯೊಳಗ ತಾ ಇದ್ದರ ಭಯ ಇಲ್ಲ, ಭಾಳ ಮಂದೀದು ಕಡೀತನಕ ಹಂಗ ಇರ್ತಾವ. ಮಗ್ಗಲ ಮನಿ ಗ್ವಾಡಿ ಒಡದು ಒಳಗ ಹೊಕ್ಕರ, ರಕ್ತದಾಗ ಊರೂರು ತಿರುಗಿದರ, ಅದಕ್ಕ ಕ್ಯಾನ್ಸರ್ ಅಂತಾರ. ಯಾಕ ಅಂತ ಪ್ರತಿಯೊಬ್ಬರಿಗೂ ಹೇಳಾಕ ಬರಂಗಿಲ್ಲ. ವಯಸ್ಸು ಆಗ್ತಾ ಅದರ ಸಂಭವ ಹೆಚ್ಚು. ತಂಬಾಕು, ಬೀಡಿ, ಕುಡಿತ, ಬೊಜ್ಜು, ಇವೆಲ್ಲ ಬ್ಯಾರೆ ಬ್ಯಾರೆ ಕ್ಯಾನ್ಸರಿಗೆ ದಾರಿ ಮಾಡಿಕೊಡ್ತಾವ. ಇವೆಲ್ಲ ಇದ್ದೂ ಬರದವರು ಅದಾರ, ಏನೂ ಇಲ್ಲದ ಬಂದವರೂ ಅದಾರ."

ತಂಬಾಕು ಎಂಬ ಮಾತಿಗೆ ಅಣ್ಣನ ಕೈ ತಾನಾಗಿ ಜೇಬಿಗೆ ಹೋಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ! ಡಾಕ್ಟರಬಾಯಿ ಕೈ ಚಾಚಿದರು. ಅಣ್ಣ ಸುಣ್ಣದ ಡಬ್ಬಿ ಸಮೇತ ತಂಬಾಕಿನ ಚೀಟು ತೆಗೆದು ಅವರ ಕೈಗಿಟ್ಟ. "ಈ ಗಂಟು ಇದರಿಂದನ ಬಂತು ಅಂತ ನಾ ಅನ್ನಂಗಿಲ್ಲ," ಎಂದು ಅವರು ಅದನ್ನು ಕಸದ ಬುಟ್ಟಿಗೆ ಹಾಕಿದರು. "ಆದರ ಬಾಯಿಗೆ, ಗಂಟಲಿಗೆ ಇದರಷ್ಟು ದೊಡ್ಡ ವೈರಿ ಇಲ್ಲ."

ಆಮೇಲೆ ನನ್ನ ಕಡೆ ತಿರುಗಿದರು. ಅವ್ವನ ಕಥೆಯನ್ನು ಮೊದಲ ಸಲವೇ ನಾನು ಅವರಿಗೆ ಹೇಳಿದ್ದೆ. "ನಿಮ್ಮವ್ವಗ ಎಷ್ಟನೇ ವಯಸ್ಸಿಗೆ ಬಂದಿತ್ತು? ನೀವು ಎಂದರ ತೋರಿಸಿಕೊಂಡೀರೇನು?" ಎಂದು ಕೇಳಿದರು. ಲೋಕವನ್ನೆಲ್ಲ ಗದರಿಸುವ ನಾನು ಎಂದೂ ತೋರಿಸಿಕೊಂಡಿರಲಿಲ್ಲ. ನನ್ನ ಮೈಯಲ್ಲಿ ಯಾವ ಗಂಟೂ ಗುನುಗುವುದಿಲ್ಲ, ಅದನ್ನೇ ನಾನು ಇಷ್ಟು ದಿನ ಪುಣ್ಯ ಅಂದುಕೊಂಡಿದ್ದೆ. ಹೆದರಿದೆ, ಸುಳ್ಳು ಯಾಕೆ ಹೇಳಲಿ. ಈಗ ಅಣ್ಣನೇ ನನ್ನ ರಟ್ಟೆ ಹಿಡಿದು, "ಹೋಗವಾ, ನಾ ಇಲ್ಲೇ ಕುಂದರ್ತೀನಿ," ಎಂದ. ಎದೆಯ ಪರೀಕ್ಷೆಯಾಯಿತು. ಏನೂ ಇಲ್ಲ, ಆದರೂ ವರ್ಷ ವರ್ಷ ಬರಬೇಕು ಅಂದರು. ಹೊರಗೆ ಬಂದು ನಾನು ಅಳುತ್ತಿದ್ದರೆ ಅಣ್ಣ ನಗುತ್ತಿದ್ದ.

ಪಟ್ಟಣದ ದೊಡ್ಡ ದವಾಖಾನೆಗೆ ಹೊರಡುವ ಮುಂಚಿನ ಸೋಮವಾರ ಅಣ್ಣ ಮಠಕ್ಕೆ ಹೋದ. ಇಸ್ತ್ರಿ ಅಂಗಿ ತೊಟ್ಟಿದ್ದ, ಆದರೆ ಕಂಬಳಿಯ ಮೇಲೆ ಕೂರಲಿಲ್ಲ. ಫಕೀರಪ್ಪ ಮಾಸ್ತರರು ಏಕತಾರಿ ಹಿಡಿದು ಕಿವಿ ತಂದಾಗ ಹಿಂದೆ ಸರಿದು, "ಗಂಟು ಸುಮ್ಮನಾಗಿ ಭಾಳ ದಿನ ಆತ್ರೀ ಮಾಸ್ತರ. ಇಷ್ಟು ದಿನ ಗುನುಗಿದ್ದು ನಾನ," ಎಂದ.

ಮಾಸ್ತರರ ಮುಖ ಕಪ್ಪಿಟ್ಟಿತು. "ಅಂದ್ರ ಸುಗ್ಗಿಯಿಂದ ನಾವು ನಿನ್ನ ಸುಳ್ಳಿಗೆ ತಂತಿ ಬಿಗದೇವೇನು? ದೇವರ ಮುಂದ?"

ಅಷ್ಟರಲ್ಲಿ ಹಿಂದಿನಿಂದ ಯಾರೋ, "ಇರ್ಲಿ ಬಿಡ್ರೀ, ಗಂಟು ಕರಗಿತಲ್ಲ! ಮಾದಲಿ ಯಾವಾಗ ಸುಗಲವ್ವಾ?" ಎಂದರು.

ನನಗೆ ತಡೆಯಲಾಗಲಿಲ್ಲ. ಗಿರಣಿಯ ದನಿ ಮಠದಲ್ಲೂ ಎದ್ದಿತು. "ಮಾದಲಿ ಗೀದಲಿ ಏನೂ ಇಲ್ಲ! ಕರಗಿಲ್ಲ ಅದು, ಕೆಟ್ಟೇತಿ. ನಮ್ಮವ್ವಂದೂ ಹಿಂಗ ಸುಮ್ಮನಾಗಿತ್ತು. ನೀವೆಲ್ಲಾ ನಮ್ಮನಿ ಮಾದಲಿ ತಿಂದೀರಿ, ನಾನೂ ತಿಂದೇನಿ. ಆಮ್ಯಾಲ ಏನಾತು? ನೆನಸಿಕೊಳ್ರಿ!"

ಪಡಸಾಲೆಯ ತುಂಬ ಗಂಟುಗಳ ಗುನುಗು ಮಾತ್ರ. ಸ್ವಲ್ಪ ಹೊತ್ತಿಗೆ ಚಿನ್ನವ್ವ ಮೆಲ್ಲಗೆ, "ನಮ್ಮತ್ತೀದೂ ಹಂಗ ಆತು," ಎಂದಳು. ಕಂಬದ ಮರೆಯಿಂದ ಇನ್ನೊಬ್ಬಳು, "ನಮ್ಮ ಕಾಕಾಂದೂ," ಎಂದಳು. ಒಬ್ಬೊಬ್ಬರಾಗಿ ತಮ್ಮ ಮನೆಯ ಮಾದಲಿಯನ್ನು ನೆನೆದರು. ಎಷ್ಟೋ ವರ್ಷ ಊರು ಹೀಗೆ ಸಿಹಿ ಹಂಚಿತ್ತು. ಫಕೀರಪ್ಪ ಮಾಸ್ತರರು ಮಾತ್ರ ಅಣ್ಣನತ್ತ ನೋಡದೆ ಏಕತಾರಿಯನ್ನು ಗವಸಣಿಗೆಗೆ ಹಾಕಿ ಎದ್ದುಹೋದರು. ಅಣ್ಣನಿಗೆ ರೋಗಕ್ಕಿಂತ ಅದೇ ಹೆಚ್ಚು ನೋವಾಯಿತು. ಬಸ್ಸಿನಲ್ಲಿ ಸೇತುವೆ ದಾಟುವಾಗ, "ಇನ್ನ ನಾ ಬರೇ ಪಂಕ್ಚರ್ ಅಡಿವೆಪ್ಪ," ಎಂದ.

"ತಲಿ ಉಳದರ ಬೆಲ್ಲ ಬೇಡಿ ತಿಂದೇವು. ಮೊದಲ ತಲಿ ಉಳಿಸಿಕೋ," ಎಂದು ಗದರಿದೆ.

ಗಂಟು ತೆಗೆದರು. ಆ ಜಾಗದಲ್ಲಿ ಮುಖದ ನರ ಹಾದುಹೋಗುತ್ತದಂತೆ. ಅದನ್ನು ಉಳಿಸಿದರು, ಆದರೂ ಅದು ಸೊರಗಿ ಅಣ್ಣನ ಬಾಯಿಯ ಎಡಮೂಲೆ ಜೋತುಬಿದ್ದಿತು. ನಿಧಾನಕ್ಕೆ ಸುಧಾರಿಸುತ್ತದೆ ಅಂದರು. ಆಮೇಲೆ ವಾರಗಟ್ಟಲೆ ಕರೆಂಟು, ಅಂದರೆ ವಿಕಿರಣ, ಕೊಟ್ಟರು. ಬಾಯಿ ಒಣಗಿತು, ಅನ್ನ ಮಣ್ಣಿನಂತಾಯಿತು, ಕತ್ತಿನ ಚರ್ಮ ಸುಟ್ಟ ರೊಟ್ಟಿಯ ಬಣ್ಣಕ್ಕೆ ತಿರುಗಿತು. ವೈನಿ ಗಂಜಿ ಬಟ್ಟಲು ಹಿಡಿದು ಬಯ್ದು ಬಯ್ದು ಕುಡಿಸಿದಳು. ಅವಳು ಮತ್ತೆ ಬಯ್ಯತೊಡಗಿದ್ದು ಕೇಳಿ ನನಗೆ ಅರ್ಧ ಧೈರ್ಯ ಬಂತು. ಕೊನೆಗೆ ಸ್ಕ್ಯಾನ್ ನೋಡಿದ ಡಾಕ್ಟರು, ಈಗ ಎಲ್ಲೂ ಏನೂ ಕಾಣುತ್ತಿಲ್ಲ, ತಪಾಸಣೆಗೆ ಬರುತ್ತಿರಬೇಕು ಎಂದರು. ತಿರುಗಿ ಬರುವಾಗ ಸೇತುವೆಯ ಮೇಲೆ ಬಸ್ಸಿನ ತುಂಬ ಗುನುಗು ಎದ್ದಿತು. ಅಣ್ಣನ ಸೀಟು ಸುಮ್ಮನಿತ್ತು. ಈ ಸಲದ ಸುಮ್ಮನೆ ನಿಜವಾದ ಸುಮ್ಮನೆ.

ಅಷ್ಟರಲ್ಲಿ ಊರಿನಲ್ಲಿ ಏನೇನೋ ಆಗಿತ್ತು. ಗಿರಣಿಯಲ್ಲಿ ಕರೆಂಟು ಹೋದಾಗ ಹೆಂಗಸರು ಈಗ ಮಾತು ನಿಲ್ಲಿಸಿ ಒಬ್ಬರಿಗೊಬ್ಬರು ಕಿವಿಗೊಡುತ್ತಿದ್ದರು. ನಿನ್ನೆ ಗುನುಗಿದ್ದು ಇವತ್ತು ಸುಮ್ಮನಿದ್ದರೆ ಮಾದಲಿಯ ಮಾತಿಲ್ಲ, ಬೆಳಗಿನ ಬಸ್ಸು. ಮೂಲಿಮನಿ ಅಜ್ಜಿಯ ಮೊಣಕೈ ಸುಮ್ಮನಾಗಿ ದವಾಖಾನೆಗೆ ಓಡಿದರೆ, ಅದು ನಿಜಕ್ಕೂ ಇಳಿದಿತ್ತು. ಅಜ್ಜಿ ಬಸ್ಸಿನ ಸುತ್ತಾಟಕ್ಕೆ ನನಗೆ ಶಾಪ ಹಾಕಿದಳು. ಹಾಕಲಿ, ಆ ಶಾಪದಿಂದ ಏನೂ ಬರುವುದಿಲ್ಲವೆಂದು ಡಾಕ್ಟರಬಾಯಿ ಹೇಳಿದ್ದಾರೆ. ಚಿನ್ನವ್ವ ಗುನುಗುವ ಬೆನ್ನನ್ನೂ ಒಮ್ಮೆ ತೋರಿಸಿಕೊಂಡು ಬಂದಳು. ಬರೀ ಕೊಬ್ಬು ಅಂದರಂತೆ.

ಭಜನೆ ಮಾತ್ರ ಹಳ್ಳ ಹಿಡಿದಿತ್ತು. ಶ್ರುತಿ ಕೂಡುತ್ತಿರಲಿಲ್ಲ. ಒಬ್ಬರು ಮೇಲೆ, ಒಬ್ಬರು ಕೆಳಗೆ. ಪ್ರತಿ ಸೋಮವಾರ ಜಗಳ. ಬೇರೆ ಗಂಟುಗಳನ್ನು ಕೇಳಿ ನೋಡಿದರಂತೆ, ಯಾವುದೂ ಒಂದೇ ಸಮ ನಿಲ್ಲಲಿಲ್ಲವಂತೆ.

ಚಳಿಗಾಲದ ಒಂದು ಸೋಮವಾರ ಸಂಜೆ ನಾನು ಅಣ್ಣನನ್ನು ಮಠಕ್ಕೆ ಕರೆದುಕೊಂಡು ಹೋದೆ. ಬರುವುದಿಲ್ಲ ಅಂದ, ಸೊಟ್ಟ ಬಾಯಿ ಅಂದ, ಮಾಸ್ತರರ ಮುಖ ನೋಡಲಾರೆ ಅಂದ. ವೈನಿ ಇಸ್ತ್ರಿ ಅಂಗಿ ತಂದು ಅವನ ಮೇಲೆ ಎಸೆದಳು. ಹೋಗಿ ಬಾಗಿಲ ಪಕ್ಕ, ಹೆಂಗಸರ ಸಾಲಿನ ಹಿಂದೆ, ನೆಲದ ಮೇಲೆ ಕುಳಿತ. ಎದುರಿನ ಸಾಲಿನಲ್ಲಿ ಕೆಂಪು ಕಂಬಳಿ ಹಾಸಿಯೇ ಇತ್ತು. ಅದರ ಮೇಲೆ ಯಾರೂ ಕುಳಿತಿರಲಿಲ್ಲ.

ಫಕೀರಪ್ಪ ಮಾಸ್ತರರು ಬಿರಡೆ ತಿರುವುತ್ತಿದ್ದರು. ತಂತಿ ಮೀಟಿದರು, ತಲೆ ಅಲ್ಲಾಡಿಸಿದರು. ಬಿಗಿದರು, ಸಡಿಲಿಸಿದರು. ತಾಳದವನು ಆಕಳಿಸಿದ. ನಾನು ಅಣ್ಣನನ್ನೇ ನೋಡುತ್ತಿದ್ದೆ. ಅವನ ಕಾಲಬೆರಳು ಅಲ್ಲಾಡಿತು, ಕತ್ತು ಹಿಗ್ಗಿತು. ಸೊಟ್ಟ ತುಟಿಗಳು ಮುಚ್ಚಿಯೇ ಇದ್ದವು. ಗುನುಗಲು ಬಾಯಿ ಯಾಕೆ ಬೇಕು? ಎದೆಯಿಂದ ಆ ದನಿ ಎದ್ದು ಬಂತು. ಹಳ್ಳದ ದಂಡೆಯಲ್ಲಿ ಕಳ್ಳತನದಿಂದ ಕಲಿತದ್ದು. ಅದೇ ದನಿ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

ಮಾಸ್ತರರು ತಿರುಗಿ ನೋಡಲಿಲ್ಲ. ಕಣ್ಣು ಮುಚ್ಚಿ ಬಿರಡೆಯನ್ನು ಒಂದು ಗೋಧಿಕಾಳಿನಷ್ಟು ತಿರುವಿದರು. ತಂತಿ ಮತ್ತು ಅಣ್ಣ ಒಂದಾದರು. ಆಮೇಲೆ ಅವರು ಎದ್ದರು, ಹೆಂಗಸರ ಸಾಲು ದಾಟಿ ಬಂದು, ಅಣ್ಣನ ಕೈ ಹಿಡಿದು ಎಬ್ಬಿಸಿದರು.

"ಬಾ ಅಡಿವೆಪ್ಪಾ. ಅಲ್ಲಿ ಕುಂತರ ಮುಂದಿನವರಿಗೆ ಕೇಳೂದಿಲ್ಲ."

"ಗಂಟಿಲ್ಲರಿ ಮಾಸ್ತರ ಈಗ."

"ನಾ ಏನ್ ಗಂಟ ಕೇಳೀನೇನು? ಶ್ರುತಿ ಕೇಳೀನಿ."

ಅಣ್ಣ ಕಂಬಳಿಯ ಮೇಲೆ ಕುಳಿತ. ಗಂಟಲು ಬೇಗ ಒಣಗುತ್ತದೆ ಅವನಿಗೆ, ಕರೆಂಟು ಕೊಟ್ಟ ಮೇಲೆ ಹಾಗೇ. ಸ್ವಲ್ಪ ಹೊತ್ತಿಗೆ ನಾನು ಒಂದು ಚೊಂಬು ಮಜ್ಜಿಗೆ ತೆಗೆದುಕೊಂಡು ಹೋಗಿ ಎಲ್ಲರ ಎದುರಿಗೇ ಅವನ ಮುಂದೆ ಹಿಡಿದೆ. ಅವನು ನನ್ನ ಮುಖ ನೋಡಿ, ಬಾಯಿಯ ಒಂದೇ ಮೂಲೆಯಿಂದ ನಕ್ಕು, ಚೊಂಬು ಎತ್ತಿದ. ಶ್ರುತಿ ನಿಂತಿತು. ಮಾಸ್ತರರು ತಂತಿಯ ಮೇಲಿನ ಬೆರಳು ಎತ್ತಿ ಹಿಡಿದರು, ತಾಳದವನು ತಾಳ ಹಿಡಿದು ಕುಳಿತ. ಅವನು ಕುಡಿದು ಮುಗಿಸಿ ಬಾಯಿ ಒರೆಸಿಕೊಳ್ಳುವವರೆಗೆ ಇಡೀ ಪಡಸಾಲೆ ಕಾಯಿತು.